ತೊಟ್ಟಿಗಾಡಿ

ಬೆರಿಲ್ ಟ್ರಾಂಟರ್‌ಗೂ ಪಕ್ಕದ ಮನೆಯ ವಿಲ್ಫ್ ಗಾರ್ಸೈಡ್‌ಗೂ ಎಂಟು ವರ್ಷದಿಂದ ಮಾತುಕತೆ ನಿಂತಿತ್ತು. ಎರಡು ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ. ಇಲ್ಲಿ ಚಹಾ ಕಲಕಿದರೆ ಅಲ್ಲಿ ಚಮಚದ ಸದ್ದು ಕೇಳಬೇಕು, ಅಷ್ಟು ತೆಳು. ಅವನ ಸೀನು ಇವಳಿಗೆ ಗೊತ್ತು, ಇವಳ ರೇಡಿಯೊ ಅವನಿಗೆ ಗೊತ್ತು. ಆದರೂ ಹಿತ್ತಿಲ ಓಣಿಯಲ್ಲಿ ಎದುರಾದರೆ ಇಬ್ಬರೂ ಆಕಾಶ ನೋಡಿಕೊಂಡು ದಾಟುತ್ತಿದ್ದರು. ಇಂಗ್ಲೆಂಡಿನ ಪಿಂಗಾಣಿ ಊರಾದ ಲಾಂಗ್ಟನ್ನಿನಲ್ಲಿ ಹಾಲಿನವನಿಂದ ಹಿಡಿದು ಪಾದ್ರಿಯವರೆಗೆ ಎಲ್ಲರೂ ಎಲ್ಲರನ್ನೂ ಅಕ್ಕರೆಯಿಂದ ‘ಬಾತುಮರಿ’ ಎಂದೇ ಕರೆಯುವುದು. ವಿಲ್ಫ್ ಅವಳನ್ನು ಕೊನೆಯ ಸಲ ಮಾತಾಡಿಸಿದಾಗ ‘ಮಿಸೆಸ್ ಟ್ರಾಂಟರ್’ ಎಂದಿದ್ದ. ಆ ಊರಲ್ಲಿ ಅದು ಕೆನ್ನೆಗೆ ಬಾರಿಸಿದ್ದಕ್ಕೆ ಸಮ.

ಜಗಳದ ಮೂಲ ಒಂದು ಕಾರು.

ವಿಲ್ಫ್ ಪಿಂಗಾಣಿ ಕಾರ್ಖಾನೆಯಲ್ಲಿ ಅಚ್ಚು ಮಾಡುತ್ತಿದ್ದವನು. ಚಹಾದ ಕೆಟಲು, ಸೂಪಿನ ಬೋಗುಣಿ, ಹೂದಾನಿ, ಏನೇ ಇರಲಿ ಮೊದಲು ಅವನ ಕೈಯಲ್ಲಿ ಪ್ಲಾಸ್ಟರಿನ ಅಚ್ಚಾಗಿ ಹುಟ್ಟಬೇಕು. ಮದುವೆಯಾಗಲಿಲ್ಲ. ಕಾರ್ಖಾನೆಯವರು ಐವತ್ತೇಳನೇ ವಯಸ್ಸಿಗೇ ಮನೆಗೆ ಕಳಿಸಿದಾಗ ಸುಮ್ಮನೆ ಕೂರಲಾರದೆ, ಯಾವುದೋ ಪತ್ರಿಕೆಯ ಜಾಹೀರಾತು ನೋಡಿ ಒಂದು ಕಾರಿನ ಕಿಟ್ ತರಿಸಿದ. ಲಾರಿಯಿಂದ ಇಳಿದದ್ದು ಎಂಜಿನಿಲ್ಲದ, ಚಕ್ರವಿಲ್ಲದ, ಫೈಬರಿನ ಬರಿಯ ಮೈ. ಉದ್ದ ಮೂತಿ, ತಗ್ಗು ಬಾಗಿಲು, ಪಕ್ಕದಲ್ಲಿ ಹತ್ತುವ ಮೆಟ್ಟಿಲು. ಅವನ ಅಪ್ಪನ ಕಾಲದಲ್ಲಿ ಕಾರ್ಖಾನೆಯ ಧಣಿಗಳು ಓಡಿಸುತ್ತಿದ್ದಂಥ ಎರಡೇ ಸೀಟಿನ ಕಾರಿನ ಚೆಹರೆ. ಅದರ ಹೊಟ್ಟೆಗೆ ಬೇಕಾದ ಎಂಜಿನ್ನು, ಗೇರು, ಸ್ಟಿಯರಿಂಗು ಎಲ್ಲವನ್ನೂ ತಳ ತುಕ್ಕುಹಿಡಿದು ಗುಜರಿಗೆ ಹೊರಟಿದ್ದ ಒಂದು ಹಳೆಯ ಕಾರಿನಿಂದ ಬಿಚ್ಚಿಕೊಂಡ. ಕಿಟ್ಟಿನ ಜೊತೆ ಬಂದ ಮಡ್‌ಗಾರ್ಡುಗಳು ಅವನ ಕಣ್ಣಿಗೆ ಒಪ್ಪಲಿಲ್ಲ. ಅಚ್ಚಿನವನ ಕಣ್ಣು, ಸುಮ್ಮನಿರುತ್ತದೆಯೇ? ನಾಲ್ಕನ್ನೂ ಹಿತ್ತಿಲ ಶೆಡ್ಡಿನಲ್ಲಿ ತಾನೇ ಅಚ್ಚು ಹಾಕಿ, ಗಾಜಿನ ನಾರಿನ ಚಾಪೆ ಹಾಸಿ, ರಾಳ ಬಳಿದು ಹೊಸದಾಗಿ ಮಾಡಲು ಕೂತ. ಹೀಗೆ ಆರು ತಿಂಗಳ ಕೆಲಸ ಆರು ವರ್ಷವಾಯಿತು.

ಆ ಆರು ವರ್ಷ ಬೆರಿಲ್ ಪಟ್ಟ ಪಾಡು ಅಷ್ಟಿಷ್ಟಲ್ಲ. ಒಣಹಾಕಿದ ಹಾಸಿಗೆ ಬಟ್ಟೆಯ ಮೇಲೆ ಬಿಳಿ ಧೂಳು. ಅದನ್ನು ಹೊದ್ದು ಮಲಗಿದರೆ ಮೈಯೆಲ್ಲ ತುರಿಕೆ. ರಾಳದ ವಾಸನೆಯಂತೂ ಕೊಳೆತ ಪೇರು ಹಣ್ಣಿನ ಹಾಗೆ ಪರದೆಗೆ, ಬ್ರೆಡ್ಡಿಗೆ, ಗಂಡ ಸಿರಿಲ್‌ನ ಕೋಟಿಗೆ ಎಲ್ಲಕ್ಕೂ ಹತ್ತಿಕೊಳ್ಳುತ್ತಿತ್ತು. ಸಿರಿಲ್‌ನ ಎದೆ ಮೊದಲೇ ಕೆಟ್ಟಿತ್ತು. ಮೂವತ್ತು ವರ್ಷ ಕುಲುಮೆಯ ಮನೆಯಲ್ಲಿ ಪಿಂಗಾಣಿಯ ಪುಡಿ ಕುಡಿದ ಎದೆ. ಅವನು ದಿಂಬಿಗೆ ಒರಗಿ ಉಸಿರಿಗಾಗಿ ಬಾಯಿ ತೆರೆದಾಗ ಗೋಡೆಯಾಚೆ ಫೈಬರು ತೇಯುವ ಗರಗರ ಗರಗರ. ಬೆರಿಲ್ ಹೋಗಿ ಬಾಗಿಲು ತಟ್ಟಬಹುದಿತ್ತು. ಆದರೆ ಗಂಡನ ಕಾಯಿಲೆಯನ್ನು ಮುಂದಿಟ್ಟುಕೊಂಡು ಬೇಡುವುದು ಅವಳ ಜಾಯಮಾನವಲ್ಲ. ನೇರ ಊರಾಡಳಿತದ ಕೌನ್ಸಿಲ್ಲಿಗೆ ಪತ್ರ ಬರೆದಳು. ಒಬ್ಬ ಅಧಿಕಾರಿ ಬಂದು ಶೆಡ್ಡು ನೋಡಿಹೋದ. ಮಾರನೆಯ ದಿನವೇ ವಿಲ್ಫ್‌ನ ಬಾಯಲ್ಲಿ ‘ಮಿಸೆಸ್ ಟ್ರಾಂಟರ್’ ಬಂತು. ಗರಗರವೂ ನಿಂತಿತು. ಆ ಬೇಸಿಗೆಯೆಲ್ಲ ಗೋಡೆಯಾಚೆ ತೆಪ್ಪಗಿತ್ತು. ‘ಸರ್ಕಾರದ ಭಯ ಅಂದರೆ ಇದು’ ಎಂದುಕೊಂಡಳು ಬೆರಿಲ್. ಸೆಪ್ಟೆಂಬರಿನಲ್ಲಿ ಸಿರಿಲ್ ತೀರಿಕೊಂಡ. ವಿಲ್ಫ್ ಚರ್ಚಿನ ಕೊನೆಯ ಬೆಂಚಿನಲ್ಲಿ ಟೋಪಿ ಹಿಡಿದು ಕೂತಿದ್ದು, ಯಾರೊಂದಿಗೂ ಮಾತಾಡದೆ ಎದ್ದುಹೋದ.

ಗರಗರ ಮತ್ತೆ ಶುರುವಾಗಿ, ಕೆಲವು ವರ್ಷಗಳ ಮೇಲೆ ಕಾರು ಕೊನೆಗೂ ರಸ್ತೆಗಿಳಿಯಿತು. ಹಸಿರು ಬಣ್ಣ, ಬಟ್ಟಲುಗಣ್ಣಿನಂಥ ದೀಪಗಳು. ಭಾನುವಾರ ಬಂತೆಂದರೆ ವಿಲ್ಫ್ ಟೋಪಿ ಹಾಕಿಕೊಂಡು ಹೊರಟ. ‘ನೋಡು, ಸ್ನಾನದ ತೊಟ್ಟಿಗೆ ಚಕ್ರ ಕಟ್ಟಿಕೊಂಡು ಮೆರವಣಿಗೆ ಹೊರಟ’ ಎಂದು ಬೆರಿಲ್ ಗೋಡೆಗೇ ಕೇಳಿಸುವ ಹಾಗೆ ಹೇಳುತ್ತಿದ್ದಳು.

ಮೂರು ವರ್ಷ ಹೀಗೇ ಮೆರೆದ. ನಾಲ್ಕನೆಯ ವರ್ಷ ಜನವರಿಯ ಒಂದು ಬೆಳಗ್ಗೆ ಗೋಡೆಯಾಚೆ ಏನೋ ದಢಾರನೆ ಬಿದ್ದ ಸದ್ದಾಯಿತು. ಆಮೇಲೆ ಯಾವ ಸದ್ದೂ ಇಲ್ಲ. ಬೆರಿಲ್ ಚಹಾದ ಲೋಟ ಹಿಡಿದು ನಿಂತೇ ಇದ್ದಳು. ಕೆಟಲು ಇಡಲಿಲ್ಲ, ನಲ್ಲಿ ತಿರುಗಲಿಲ್ಲ, ಸೀನೂ ಇಲ್ಲ. ಆಂಬುಲೆನ್ಸಿಗೆ ಫೋನು ಮಾಡಿದವಳು ಅವಳೇ.

ವಿಲ್ಫ್ ಬದುಕಿದ. ಲಕ್ವ ಹೊಡೆದು ಬಲಗೈ ಸೋತಿತು, ಬಲಗಾಲು ಅರ್ಧ ಸೋತಿತು. ತಲೆ ಚುರುಕಾಗಿಯೇ ಇತ್ತು, ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಆದರೆ ಮಾತು ಹೋಯಿತು. ಉಳಿದದ್ದು ಒಂದೇ ಪದ: ‘ಮಂಗಳವಾರ’. ಅದೇ ಯಾಕೆ ಉಳಿಯಿತೋ ಡಾಕ್ಟರಿಗೂ ಗೊತ್ತಿಲ್ಲ. ಚಹಾ ಬೇಕೆಂದರೂ ಮಂಗಳವಾರ, ಕಿಟಕಿ ಮುಚ್ಚೆಂದರೂ ಮಂಗಳವಾರ. ಇನ್ನು ಗಾಡಿ ಓಡಿಸುವ ಮಾತೇ ಇಲ್ಲ ಎಂದರು. ಕಾರು ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ಕೂತಿತು.

ವಿಲ್ಫ್‌ನ ತಂಗಿ ಎಡ್ನಾ, ಲೀಕ್ ಎಂಬ ಊರಿನಿಂದ ಶನಿವಾರ ಶನಿವಾರ ಬಸ್ಸಿನಲ್ಲಿ ಬಂದು ಅಣ್ಣನ ಬಟ್ಟೆ ಒಗೆದು, ವಾರಕ್ಕಾಗುವಷ್ಟು ಸಾರು ಮಾಡಿಟ್ಟು ಹೋಗುತ್ತಿದ್ದಳು. ಒಳ್ಳೆಯ ಹೆಂಗಸು, ಆದರೆ ಕಾಲಿಗೆ ಚಕ್ರ ಕಟ್ಟಿಕೊಂಡವಳು, ಯಾವುದಕ್ಕೂ ಪುರಸೊತ್ತಿಲ್ಲ. ಏಪ್ರಿಲಿನ ಒಂದು ಶನಿವಾರ ಬೆರಿಲ್ ಬಟ್ಟೆ ಒಣಹಾಕುತ್ತಿದ್ದಾಗ ಓಣಿಯಲ್ಲಿ ಟ್ರೇಲರು ಕಟ್ಟಿದ ಒಂದು ಜೀಪು ಬಂದು ನಿಂತಿತು. ಕಾರು ಕೊಳ್ಳಲು ಬಂದ, ಜಾಕೀಟು ಹಾಕಿದ ಒಬ್ಬ ಮನುಷ್ಯ ಎಡ್ನಾಳ ಹಿಂದೆ ಶೆಡ್ಡಿಗೆ ಹೋದ. ಅವರ ಹಿಂದೆ ಕೋಲೂರಿಕೊಂಡು ವಿಲ್ಫ್.

“ಮಂಗಳವಾರ!” ಎಂದ ವಿಲ್ಫ್.

“ಆಯ್ತಪ್ಪ, ಮಂಗಳವಾರವೇ ತಗೊಂಡು ಹೋಗ್ತಾರೆ” ಎಂದಳು ಎಡ್ನಾ.

“ಮಂಗಳವಾರ ನನಗಾಗಲ್ಲ ಕಣಮ್ಮಾ” ಎಂದ ಜಾಕೀಟಿನವನು. “ಇವತ್ತೇ ಟ್ರೇಲರ್ ತಂದಿದೀನಲ್ಲ.”

“ಮಂಗಳವಾರ! ಮಂಗಳವಾರ!” ವಿಲ್ಫ್‌ನ ಕೋಲು ನೆಲಕ್ಕೆ ಬಡಿಯಿತು. ಮುಖ ಕೆಂಪೇರಿ ಕಣ್ಣಲ್ಲಿ ನೀರು ತುಂಬಿತ್ತು.

ಬೆರಿಲ್‌ಳ ಕೈಯಲ್ಲಿದ್ದ ದಿಂಬಿನ ಚೀಲ ಬುಟ್ಟಿಗೆ ಬಿತ್ತು. ಎಂಟು ವರ್ಷದಿಂದ ದಾಟದ ಅವನ ಹಿತ್ತಿಲ ಬಾಗಿಲನ್ನು ಯಾವಾಗ ದಾಟಿದಳೋ ಅವಳಿಗೇ ತಿಳಿಯದು.

“ಅವನು ದಿನ ಹೇಳ್ತಿಲ್ಲ ಎಡ್ನಾ. ಬೇಡ ಅಂತಿದಾನೆ.”

“ನಿನಗೆ ಹೇಗೆ ಗೊತ್ತು?”

“ಮೂರು ತಿಂಗಳಿಂದ ಗೋಡೆಗೆ ಕಿವಿ ಕೊಟ್ಟಿದೀನಿ. ಚಹಾ ಬೇಕಾದ್ರೆ ಒಂದು ರಾಗ, ನರ್ಸು ಕಾಲು ಎಳೆದಾಗ ಇನ್ನೊಂದು ರಾಗ. ಇದು ಬೇಡ ಅನ್ನೋ ರಾಗ. ಅಲ್ವಾ ವಿಲ್ಫ್?”

ವಿಲ್ಫ್ ಅವಳನ್ನೇ ನೋಡಿದ. ಆಮೇಲೆ ತಲೆಯಾಡಿಸಿದ.

“ಬೇಡ ಅಂದ್ರೆ?” ಎಡ್ನಾ ಸೊಂಟಕ್ಕೆ ಕೈ ಕೊಟ್ಟಳು. “ನಿಂತ ಗಾಡಿ ನಿಂತಲ್ಲೇ ಕೊಳೆಯುತ್ತೆ. ಇವನು ಓಡಿಸೋ ಹಾಗಿಲ್ಲ, ನನಗೆ ಬರಲ್ಲ. ಇನ್ಯಾರು ಓಡಿಸ್ತಾರೆ? ನೀನಾ?”

“ಹೂಂ, ನಾನೇ” ಎಂದುಬಿಟ್ಟಳು ಬೆರಿಲ್.

ಮಾತು ಬಾಯಿಂದ ಜಾರಿತ್ತು. ಪಿಂಗಾಣಿ ಕಾರ್ಖಾನೆಯ ಕೆಲಸ ಬಿಟ್ಟ ಮೇಲೆ ಒಂಬತ್ತು ವರ್ಷ ಶಾಲೆಗಳಿಗೆ ಊಟ ಸಾಗಿಸುವ ವ್ಯಾನು ಓಡಿಸಿದವಳು; ಗಾಡಿಗೆ ಹೆದರುವವಳಲ್ಲ. ಆದರೆ ಜೀಪು ಬರಿಯ ಟ್ರೇಲರು ಎಳೆದುಕೊಂಡು ಹೋದ ಮೇಲೆ, ಟಾರ್ಪಾಲು ಸರಿಸಿ ಆ ಉದ್ದ ಮೂತಿಯನ್ನು ಹತ್ತಿರದಿಂದ ನೋಡಿದಾಗ ಒಂದು ಹೆಜ್ಜೆ ಹಿಂದೆ ಸರಿದಳು. ಇಷ್ಟು ವರ್ಷ ಬೈದ ಗಾಡಿ ಇವಳನ್ನೇ ದುರುಗುಟ್ಟಿ ನೋಡುತ್ತಿತ್ತು.

ಮರುದಿನ ಬೆಳಗ್ಗೆಯೇ ಶುರು. ಸೀಟನ್ನು ವಿಲ್ಫ್ ತನ್ನ ಉದ್ದ ಕಾಲಿನ ಅಳತೆಗೆ ಬೋಲ್ಟು ಬಿಗಿದು ಕೂರಿಸಿದ್ದ. ಹಿಂದೆ ಮುಂದೆ ಜರುಗುವುದಿಲ್ಲ. ಬೆರಿಲ್ ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡಳು. ವಿಲ್ಫ್‌ನನ್ನು ಪಕ್ಕದ ಸೀಟಿಗೆ ಇಳಿಸುವುದೇ ಒಂದು ಕೆಲಸ. ಮೊದಲು ಹಿಂಭಾಗ, ಆಮೇಲೆ ಎಡಗಾಲು, ಕೊನೆಗೆ ಬಲಗಾಲನ್ನು ಅವಳು ಎತ್ತಿ ಒಳಗಿಡಬೇಕು. ಚೋಕ್ ಎಳೆದು ಕೀಲಿ ತಿರುಗಿಸಿದಳು. ಕೆಮ್ಮಿತು, ಸತ್ತಿತು. ಮತ್ತೆ ತಿರುಗಿಸಿದಳು. ವಿಲ್ಫ್ ಎಡಗೈ ಚಾಚಿ ಚೋಕನ್ನು ಅರ್ಧಕ್ಕೆ ಒತ್ತಿದ. ಎಂಜಿನ್ನು ಗುಡುಗಿ ಎದ್ದಿತು. ಶೆಡ್ಡಿನ ತಗಡೆಲ್ಲ ನಡುಗಿದವು.

“ಅಯ್ಯೋ ದೇವರೇ, ಒಳಗೆ ಕೂತರೆ ಇನ್ನೂ ಜೋರು!” ಎಂದಳು.

ಬೀದಿಗೆ ಬಂದು ಎರಡನೆಯ ಗೇರು ಹಾಕಿದಾಗ ಹಲ್ಲು ಕಡಿದ ಸದ್ದಾಯಿತು.

“ಮಂಗಳವಾರ” ಎಂದು ನರಳಿದ ವಿಲ್ಫ್, ಯಾರೋ ತನ್ನ ಹಲ್ಲು ಕಿತ್ತಹಾಗೆ.

“ಕ್ಲಚ್ ಒತ್ತಿದೀನಲ್ಲಪ್ಪ!”

ಅವನು ತಗ್ಗು ಬಾಗಿಲಿನ ಹೊರಮೈಯನ್ನು ಎಡಗೈ ಬೆರಳಿಂದ ಎರಡು ಸಲ ಬಡಿದ. ಫೈಬರು ಸೋರೆಬುರುಡೆಯಂತೆ ಟೊಕ್ ಟೊಕ್ ಎಂದಿತು. ಎರಡು ಸಲ. ಕ್ಲಚ್ ಎರಡು ಸಲ ಒತ್ತು ಅಂತಲೇ? ಹಾಗೆ ಮಾಡಿದಳು. ಗೇರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯಿತು. ಅಂದಿನಿಂದ ಅದೇ ಅವರ ಭಾಷೆಯಾಯಿತು. ಒಂದು ಬಡಿತ ಎಂದರೆ ನಿಧಾನ, ಎರಡೆಂದರೆ ಗೇರು, ಸತತ ಬಡಿದರೆ ‘ಏ ಹುಚ್ಚಿ, ಬ್ರೇಕು!’

ಸರ್ಕಲ್ಲಿನಲ್ಲಿ ಮಾನ ಹೋಯಿತು. ಎಡಕ್ಕೆ ತಿರುಗುವ ದೀಪ ಹಾಕಿ ಬ್ರೇಕು ಒತ್ತಿದರೆ ನಾಲ್ಕೂ ದೀಪಗಳು ಒಟ್ಟಿಗೆ ಮಿಣಿಮಿಣಿ ಎಂದವು. ಹಿಂದಿನ ವ್ಯಾನಿನವನು ತಲೆ ಹೊರಗೆ ಹಾಕಿ, “ಯಾವ ಕಡೆ ಹೋಗ್ತೀಯಾ ಬಾತುಮರಿ? ಅಥವಾ ಕ್ರಿಸ್‌ಮಸ್ ಮರ ಹೊರಟಿದೆಯಾ?” ಎಂದ.

ಮನೆಗೆ ಬಂದು ವಿಲ್ಫ್ ಎಡಗೈಯಲ್ಲಿ ಸೊಟ್ಟಸೊಟ್ಟಾಗಿ ಒಂದು ಚಿತ್ರ ಬರೆದು ತೋರಿಸಿದ. ಬ್ಯಾಟರಿಯಿಂದ ದೀಪಕ್ಕೆ ಒಂದು ಗೆರೆ. ದೀಪದಿಂದ ಬ್ಯಾಟರಿಗೆ ಇನ್ನೊಂದು ಗೆರೆ. ಅದಕ್ಕೆ ಮೂರು ಸಲ ಒತ್ತಿ ಒತ್ತಿ ತಿದ್ದಿದ. ಬೆರಿಲ್ ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದಳು.

“ಓ! ತಗಡಿನ ಕಾರಲ್ಲಾದ್ರೆ ಕರೆಂಟು ಮೈ ಮೂಲಕವೇ ವಾಪಸ್ ಬರುತ್ತೆ. ಇದು ಫೈಬರು, ಇದರ ಮೈಯಲ್ಲಿ ಏನೂ ಹರಿಯಲ್ಲ. ಅದಕ್ಕೆ ಪ್ರತಿ ದೀಪಕ್ಕೂ ಮನೆಗೆ ವಾಪಸ್ ಬರೋ ವೈರು ಬೇರೆ ಬೇರೆ ಹಾಕಿದೀಯ. ಅದರಲ್ಲಿ ಯಾವುದೋ ಒಂದು ಸಡಿಲ.”

“ಮಂಗಳವಾರ!” ಎಂದು ವಿಲ್ಫ್ ಮೇಜು ಕುಟ್ಟಿದ. ಭೇಷ್ ಅನ್ನುವ ರಾಗ.

ಸಡಿಲವಾಗಿದ್ದ ಬೋಲ್ಟು ಹಿಂದಿನ ದೀಪದ ಒಳಗೆ ಹಸಿರು ಕಿಲುಬು ಹಿಡಿದು ಕೂತಿತ್ತು. ಬೆರಿಲ್ ಅದನ್ನು ಉಜ್ಜಿ, ಬಿಗಿದು, ಗ್ರೀಸು ಸವರಿದಳು. ಕೈತೊಳೆಯುವಾಗ ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ಹೋಗದಿದ್ದದ್ದಕ್ಕೆ ಬೇಸರವೂ ಆಗಲಿಲ್ಲ.

ಅಲ್ಲಿಂದ ಅದೊಂದು ಪರಿಪಾಠವಾಯಿತು. ಭಾನುವಾರ ಬೆಳಗ್ಗೆ ಬೆರಿಲ್ ಓಟ್ಸ್ ದೋಸೆ ಕಾಯಿಸಿ, ಒಳಗೆ ಚೀಸು, ಹಂದಿ ಮಾಂಸದ ತೆಳು ತುಂಡು ಇಟ್ಟು ಮಡಚಿ ತರುವಳು. ತಿಂದ ಮೇಲೆ ಮುಂದಿನ ಚಕ್ರಗಳ ಕೀಲಿಗೆ ಎಣ್ಣೆ, ಅಡಿಯಲ್ಲಿ ಗ್ರೀಸು, ರೇಡಿಯೇಟರಿಗೆ ನೀರು. ಫೈಬರಿನ ಗಾಡಿ ಓಡಿದಷ್ಟೂ ಅದುರಿ ನಟ್ಟುಗಳನ್ನು ಸಡಿಲಿಸಿಕೊಳ್ಳುತ್ತದೆ, ವಾರಕ್ಕೊಮ್ಮೆ ಒಂದೊಂದನ್ನೂ ತಿರುಗಿಸಿ ನೋಡಬೇಕು. ಹಾಗೆಂದು ಜಾಸ್ತಿ ಬಿಗಿದರೆ ಬೋಲ್ಟಿನ ಸುತ್ತ ಜೇಡರ ಬಲೆಯಂತೆ ಬಿರುಕು. ಎಷ್ಟು ಸಾಕು ಎನ್ನುವುದನ್ನು ವಿಲ್ಫ್ ಅವಳ ಮಣಿಕಟ್ಟಿನ ಮೇಲೆ ಬೆರಳಿಟ್ಟು ಕಲಿಸಿದ. ಅವಳು ಬಿಗಿಯುತ್ತಿದ್ದಂತೆ ಬೆರಳು ಹಗುರಾಗಿ ಕೂತಿರುತ್ತಿತ್ತು. ಸಾಕೆನ್ನುವಾಗ ಒತ್ತುತ್ತಿತ್ತು.

ಆಮೇಲೆ ಸವಾರಿ. ಹೊಲಗಳ ನಡುವಿನ ಸಣ್ಣ ರಸ್ತೆಗಳು, ಬೇಲಿಯ ಬಿಳಿ ಹೂವು. ಗಾಜು ತಗ್ಗಾದ್ದರಿಂದ ಗಾಳಿ ಮುಖಕ್ಕೇ ಬಡಿಯುತ್ತಿತ್ತು. ಬೆರಿಲ್ ಗಂಟಲು ಹರಿದುಕೊಂಡು ಊರ ಸುದ್ದಿಯೆಲ್ಲ ಹೇಳುವಳು. ಎದುರುತ್ತರ ಕೊಡದ ಗಂಡಸಿನ ಜೊತೆ ಹರಟುವುದು ಎಷ್ಟು ಸುಖ ಎಂದು ಅವನಿಗೇ ಹೇಳಿ ನಗುವಳು.

ಜೂನಿನಲ್ಲಿ ಆಗಬಾರದ್ದು ಆಯಿತು. ಓಣಿಯಿಂದ ಹಿತ್ತಿಲಿಗೆ ತಿರುಗಿಸುವಾಗ ಬಾಗಿಲ ಕಂಬ ಎಲ್ಲಿದೆ ಎನ್ನುವ ಅಂದಾಜು ತಪ್ಪಿತು. ಚಟಾರ್! ಇಳಿದು ನೋಡಿದರೆ ಮುಂದಿನ ಎಡ ಮಡ್‌ಗಾರ್ಡು ತೆಂಗಿನಕಾಯಿ ಒಡೆದಂತೆ ಒಡೆದಿತ್ತು. ಅಂಗೈಯಗಲದ ಒಂದು ಚೂರು ನೆಲದಲ್ಲಿ. ಅವನು ಎರಡು ವರ್ಷ ತೇಯ್ದು ತೇಯ್ದು ತಂದ ತಿರುವು ಅದು.

ಬೆರಿಲ್ ಆ ಚೂರು ಎತ್ತಿಕೊಂಡು ಮೆಟ್ಟಿಲ ಮೇಲೆ ಕೂತಳು. “ನನ್ನ ಕೈಗೆ ಕೊಡಬಾರದಿತ್ತು ವಿಲ್ಫ್. ಬೈದುಬಿಡು. ಆ ಒಂದೇ ಪದದಲ್ಲಿ ಬೈ, ನನಗೆ ಅರ್ಥವಾಗುತ್ತೆ.”

ವಿಲ್ಫ್‌ನ ಭುಜ ಅಲುಗಿತು. ಅಳುತ್ತಿದ್ದಾನೆ ಎಂದುಕೊಂಡಳು. ಅಳುವಲ್ಲ, ನಗು. ಬಾಯಿಯ ಎಡ ಅರ್ಧ ಮಾತ್ರ ನಗುತ್ತಿತ್ತು. ಜನವರಿಯಿಂದ ಅವನು ನಕ್ಕದ್ದು ಅದೇ ಮೊದಲು. ನಗುತ್ತಲೇ ಕೋಲಿನಿಂದ ಶೆಡ್ಡಿನ ಮೇಲಿನ ಅಟ್ಟ ತೋರಿಸಿದ. ಅಲ್ಲಿ ನಾಲ್ಕೂ ಮಡ್‌ಗಾರ್ಡಿನ ಅಚ್ಚುಗಳು ಹಳೆಯ ಕಂಬಳಿ ಹೊದ್ದು ಮಲಗಿದ್ದವು. ಅಚ್ಚಿನವನಿಗೆ ಒಡೆದದ್ದರ ಭಯವೆಲ್ಲಿ?

ಹೀಗೆ ಬೆರಿಲ್ ಟ್ರಾಂಟರ್ ಬಾಯಿಗೆ ಮಾಸ್ಕು, ಕೈಗೆ ಗವಸು ಹಾಕಿಕೊಂಡು, ವಿಲ್ಫ್‌ನ ಹಿತ್ತಿಲಲ್ಲಿ ತಾನೇ ಗರಗರ ಎಂದು ಫೈಬರು ತೇಯಲು ನಿಂತಳು. ಒಡೆದ ಅಂಚನ್ನು ಇಳಿಜಾರಾಗಿ ತೇಯಬೇಕು. ಹೊರಗಿನಿಂದ ಅಚ್ಚನ್ನು ಒತ್ತಿ ಕಟ್ಟಿ, ಒಳಗಿನಿಂದ ಗಾಜಿನ ನಾರಿನ ಚಾಪೆ ಹಾಸಿ, ರಾಳ ಬಳಿದು, ಗಾಳಿಯ ಗುಳ್ಳೆ ಒಂದೂ ಉಳಿಯದಂತೆ ಕುಂಚದಿಂದ ಕುಟ್ಟಬೇಕು. ರಾಳಕ್ಕೆ ಗಟ್ಟಿಯಾಗುವ ಮದ್ದು ಎಷ್ಟು ಹನಿ ಎಂಬುದನ್ನು ವಿಲ್ಫ್ ಬಾಗಿಲ ಚೌಕಟ್ಟಿನ ಮೇಲೆ ಟೊಕ್ ಟೊಕ್ ಎಂದು ಎಣಿಸಿದ. ವಾಸನೆ ಏಳುತ್ತಲೇ ಓಣಿಯಾಚೆಯ ಮನೆಯ ಕಿಟಕಿ ತೆರೆಯಿತು.

“ಏನ್ರೀ ಅದು ಕೊಳೆತ ವಾಸನೆ? ಬಟ್ಟೆ ಒಣಹಾಕಿದೀವಿ ಇಲ್ಲಿ!”

“ಮಧ್ಯಾಹ್ನದೊಳಗೆ ಮುಗಿಸ್ತೀನಿ ಕಣೇ, ಕ್ಷಮಿಸು!” ಎಂದು ಕೂಗಿ ಬೆರಿಲ್ ಮಾಸ್ಕಿನೊಳಗೇ ನಾಚಿದಳು.

ಆ ಹೊತ್ತಿಗೆ ಎಡ್ನಾ ಬಂದಳು. ಬಾಗಿಲಲ್ಲಿ ನಿಂತು ನೋಡಿದವಳಿಗೆ ನಗು ತಡೆಯಲಾಗಲಿಲ್ಲ. “ಇದನ್ನ ನೋಡೋಕೆ ನಾನು ಬದುಕಿದ್ದೆನಲ್ಲ! ಕೌನ್ಸಿಲ್ಲಿಗೆ ಪತ್ರ ಬರೆದ ಮಹಾತಾಯಿ!”

“ಬರೆದೆ, ಏನೀಗ? ಬರೆದದ್ದಕ್ಕೇ ತಾನೆ ಆ ಬೇಸಿಗೆ ನಿಮ್ಮಣ್ಣ ತಣ್ಣಗಾದದ್ದು?”

ಎಡ್ನಾಳ ನಗು ನಿಂತಿತು. ಅಣ್ಣ ಚಹಾ ಕುಡಿಯಲು ಒಳಗೆ ಹೋಗಿದ್ದ. ಅತ್ತ ಒಮ್ಮೆ ನೋಡಿ ದನಿ ತಗ್ಗಿಸಿದಳು.

“ಪತ್ರಕ್ಕಾ? ಆ ಅಧಿಕಾರಿ, ಬಾಗಿಲು ಮುಚ್ಚಿಕೊಂಡು ಕೆಲಸ ಮಾಡಿ ಅಂತ ಹೇಳಿ ಹೋದ, ಅಷ್ಟೆ. ಸ್ವಂತ ಶೆಡ್ಡಿನಲ್ಲಿ ಮಾಡೋ ಕೆಲಸ ತಡೆಯೋಕೆ ಅವರಿಗೆ ಕಾನೂನಿರಲಿಲ್ಲ. ವಿಲ್ಫ್ ಶೆಡ್ಡಿಗೆ ಬೀಗ ಹಾಕಿದ್ದು ನಿನ್ನ ಸಿರಿಲ್‌ಗೋಸ್ಕರ. ಗೋಡೆ ಆಚೆ ಒಬ್ಬ ಉಸಿರಿಗೆ ಒದ್ದಾಡೋದು ಕೇಳಿಸ್ತಿದೆ, ಈಚೆ ನಾನು ಗಾಜಿನ ಪುಡಿ ಹಾರಿಸ್ಲಾ ಅಂದ. ಒಂದಿಡೀ ಡಬ್ಬ ರಾಳ ಗಟ್ಟಿಯಾಗಿ ಹಾಳಾಯ್ತು ಆ ವರ್ಷ. ನಿನ್ನ ಮೇಲೆ ಅವನಿಗಿದ್ದ ಸಿಟ್ಟು ಬೇರೆ. ಬಾಗಿಲು ತಟ್ಟಿ ಒಂದು ಮಾತು ಹೇಳಲಿಲ್ಲವಲ್ಲಾ, ನನ್ನನ್ನ ಅಷ್ಟು ಕಡೆಯಾಗಿ ಕಂಡಳಾ ಅಂತ.”

ಬೆರಿಲ್ ಎರಡು ಮನೆಗಳ ನಡುವಿನ ಗೋಡೆ ನೋಡುತ್ತ ನಿಂತಳು. ಕುಂಚದಲ್ಲಿದ್ದ ರಾಳ ಕೈಯಲ್ಲೇ ಗಟ್ಟಿಯಾಯಿತು.

ಸಂಜೆ ಎಡ್ನಾಳ ಬಸ್ಸು ಹೋದ ಮೇಲೆ ಅವಳು ವಿಲ್ಫ್‌ನ ಅಡುಗೆಮನೆಗೆ ಹೋದಳು. ಅವನು ಮೇಜಿನ ಮೇಲೆ ಕಾಗದ ಹಾಸಿ ಎಡಗೈಯಲ್ಲಿ ಸ್ಪಾರ್ಕ್ ಪ್ಲಗ್ಗು ಉಜ್ಜುತ್ತಿದ್ದ. ಎದುರಿಗೆ ಕೂತಳು.

“ಆ ಬೇಸಿಗೆ ಸಿರಿಲ್ ಕಿಟಕಿ ತೆರೆದು ಮಲಗೋನು” ಎಂದಳು. “ಹಕ್ಕಿ ಕೂಗು ಕೇಳಿಸುತ್ತೆ ಅಂತ ಖುಷಿಪಡೋನು. ಅದು ನೀನು ಕೊಟ್ಟದ್ದು ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಎಂಟು ವರ್ಷ ಮುಖ ತಿರುಗಿಸಿದೆ. ತಪ್ಪಾಯ್ತು ವಿಲ್ಫ್.”

ವಿಲ್ಫ್ ಪ್ಲಗ್ಗು ಕೆಳಗಿಟ್ಟ. ಬಾಯಿ ತೆರೆದ. ಒಳಗೆ ಏನೇನೋ ಸಾಲಾಗಿ ನಿಂತಿತ್ತು, ಹೊರಗೆ ಬರಲು ದಾರಿಯಿರಲಿಲ್ಲ. ಕೊನೆಗೆ “ಮಂಗಳವಾರ” ಎಂದ, ಮಗುವಿಗೆ ಹೊದಿಕೆ ಹೊದಿಸುವವರ ದನಿಯಲ್ಲಿ. ಆ ರಾಗವನ್ನು ಅವಳು ಗೋಡೆಯ ಮೂಲಕ ಒಮ್ಮೆಯೂ ಕೇಳಿರಲಿಲ್ಲ. ಎಣ್ಣೆ ಮೆತ್ತಿದ ಅವನ ಕೈಯನ್ನು ಹಿಡಿದುಕೊಂಡು ಕೂತಳು. ಹೊರಗೆ ಯಾರೋ ನಾಯಿಯನ್ನು ಕೂಗಿ ಕರೆಯುತ್ತಿದ್ದರು.

ಮಡ್‌ಗಾರ್ಡು ಕೂಡಿತು. ವಾರವೆಲ್ಲ ನೀರು ಹಾಕಿ ಉಜ್ಜಿ, ಬಣ್ಣ ಹೊಡೆದು ನಿಲ್ಲಿಸಿದಾಗ ಕಾರಿನ ಉದ್ದಕ್ಕೂ ಓಡುವ ಕೆನೆ ಬಣ್ಣದ ಗೆರೆ ಅಲ್ಲಿ ಮಾತ್ರ ತುಂಡಾಗಿ ಕಂಡಿತು. ಬೆರಿಲ್ ಉಗುರಿನಿಂದ ಆ ಗೆರೆಯ ತುದಿ ಕೆರೆದಳು. ಸಿಪ್ಪೆಯಂತೆ ಎದ್ದು ಬಂತು.

“ಟೇಪು! ವಿಲ್ಫ್ ಗಾರ್ಸೈಡ್, ಟೇಪು ಅಂಟಿಸಿದೀಯಾ? ಈ ಊರಲ್ಲಿ ಹುಟ್ಟಿ? ಪಕ್ಕದ ಮನೇಲಿ ನಾನಿದ್ದೂ?”

ಬೆರಿಲ್ ಇಪ್ಪತ್ತಾರು ವರ್ಷ ಗೆರೆ ಎಳೆದವಳು. ತಿರುಗುವ ತಟ್ಟೆಯ ಮೇಲೆ ಬಟ್ಟಲಿಟ್ಟು ಅಂಚಿಗೆ ಚಿನ್ನದ ಗೆರೆ, ದಿನಕ್ಕೆ ನೂರಾರು ಬಟ್ಟಲು. ಮನೆಗೆ ಹೋಗಿ ಕಪಾಟಿನ ತಳದಿಂದ ತಗಡಿನ ಡಬ್ಬಿ ತಂದಳು. ಉದ್ದ ಕೂದಲಿನ ಕುಂಚಗಳು ಕರ್ಪೂರದ ವಾಸನೆ ಹೊಡೆಯುತ್ತ ಮಲಗಿದ್ದವು. ಆದರೆ ಬಟ್ಟಲು ತಾನೇ ತಿರುಗುತ್ತಿತ್ತು, ಕೈ ನಿಂತಿರುತ್ತಿತ್ತು. ಕಾರು ತಿರುಗುವುದಿಲ್ಲ, ಕೈಯೇ ನಡೆಯಬೇಕು. ಅರ್ಧ ದಿನ ಹಳೆಯ ಬಾಗಿಲೊಂದರ ಮೇಲೆ ಅಭ್ಯಾಸ ಮಾಡಿದಳು. ಆಮೇಲೆ ಉಸಿರು ಹಿಡಿದು ಬಾನೆಟ್ಟಿನ ಮೂತಿಯಿಂದ ಹೊರಟಳು. ಪಕ್ಕಕ್ಕೆ ಪಕ್ಕಕ್ಕೆ ಹೆಜ್ಜೆ ಹಾಕುತ್ತ, ಬಾಗಿಲು ದಾಟಿ, ಹಿಂದಿನ ತಿರುವು ಇಳಿದು, ಬಾಲದ ತನಕ. ಬಾಗಿಲ ಹತ್ತಿರ ಒಂದು ಕಡೆ ಕೈ ಕೂದಲೆಳೆಯಷ್ಟು ಅದುರಿತು. ಒರೆಸಲು ಬಟ್ಟೆ ತೆಗೆದಾಗ ವಿಲ್ಫ್ ಅವಳ ಮಣಿಕಟ್ಟು ಒತ್ತಿದ. ಸಾಕು, ಇರಲಿ.

ಜುಲೈಯಲ್ಲಿ ಕಾರ್ಖಾನೆಗಳ ರಜೆ ಬಂತು. ಊರಿಗೆ ಊರೇ ಸಮುದ್ರ ನೋಡಲು ವೇಲ್ಸಿನ ಲಾನ್‌ಡಿಡ್ನೊಗೆ ಹೋಗುವ ಕಾಲ. ಎಂಬತ್ತು ಮೈಲಿ. “ಹೋಗೋಣವಾ?” ಎಂದಳು ಬೆರಿಲ್. ವಿಲ್ಫ್ ಟೋಪಿ ಹಾಕಿಕೊಂಡೇ ಉತ್ತರ ಕೊಟ್ಟ.

ಚೆಸ್ಟರ್ ದಾಟುವ ತನಕ ಬಿಸಿಲು. ಆಮೇಲೆ ಬೆಟ್ಟದ ಕಡೆಯಿಂದ ಮಳೆ ಬಂದು ಹಿಡಿಯಿತು. ಮಡಚಿಟ್ಟ ಬಟ್ಟೆಯ ಟಾಪನ್ನು ಎತ್ತಿ ಗುಂಡಿ ಹಾಕಲು ಎರಡು ಜೊತೆ ಕೈ ಬೇಕು. ಇದ್ದದ್ದು ಮೂರೇ ಕೈ. ರಸ್ತೆ ಬದಿಯಲ್ಲಿ ಅವಳು ಎಳೆಯುವುದು, ಅವನು ಹಲ್ಲಲ್ಲಿ ಕಚ್ಚಿ ಹಿಡಿಯುವುದು, ಆ ತುದಿ ಸಿಕ್ಕಿಸಿದರೆ ಈ ತುದಿ ಕಿತ್ತುಕೊಳ್ಳುವುದು. ಎಲ್ಲ ಗುಂಡಿಯೂ ಬಿದ್ದಾಗ ಒಳಗೆ ಸೀಟಿನಲ್ಲಿ ನೀರು ನಿಂತಿತ್ತು, ಹೊರಗೆ ಮಳೆ ನಿಂತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕು, ಟಾಪು ಮತ್ತೆ ಬಿಚ್ಚಿದರು.

ಸಮುದ್ರದ ದಂಡೆಯಲ್ಲಿ ಕಾರು ನಿಲ್ಲಿಸಿ ಮೀನು, ಆಲೂಗಡ್ಡೆ ಕರಿದದ್ದು ತಿನ್ನುತ್ತಿದ್ದಾಗ ಕಡಲಕಾಗೆಗಳ ಜೊತೆ ಜನವೂ ಸೇರಿದರು. ಸೂಟು ಹಾಕಿದ ಒಬ್ಬ ದೊಡ್ಡ ಮನುಷ್ಯ ಸುತ್ತ ನಡೆದು, ಬಾಗಿ, ಮಡ್‌ಗಾರ್ಡಿಗೆ ಉಗುರಿಂದ ಬಡಿದು ನೋಡಿದ.

“ಓಹೋ, ಫೈಬರು. ಅಸಲಿ ಅಲ್ಲ ಹಾಗಾದರೆ.”

ಬೆರಿಲ್‌ಗೆ ರೇಗಿತು. “ಈ ಮಡ್‌ಗಾರ್ಡು ಇವನ ಕೈಯಿಂದ ಆದದ್ದು. ಈ ಗೆರೆ ನನ್ನ ಕೈಯಿಂದ. ಇನ್ನೇನು ಬೇಕು ನಿಮಗೆ?”

“ಕೋಪ ಬೇಡಮ್ಮ. ಚೆನ್ನಾಗಿದೆ ಅಂತಲೇ ಬಂದೆ. ಏನು ಕಾರು ಇದು, ಹೆಸರೇನು?”

ವಿಲ್ಫ್ ಆಲೂಗಡ್ಡೆಯ ಪೊಟ್ಟಣ ತೊಡೆಯ ಮೇಲಿಟ್ಟ. ತುಟಿ ಒತ್ತಿದ. ಕುತ್ತಿಗೆಯ ನರ ಉಬ್ಬಿತು. “ತೊ...” ಎಂದ. “ತೊ... ಟ್ಟಿ.”

ಸೂಟಿನವನಿಗೆ ಅರ್ಥವಾಗಲಿಲ್ಲ, ವಿದೇಶದ ಹೆಸರಿರಬೇಕು ಎಂದು ತಲೆಯಾಡಿಸಿ ಹೋದ. ಬೆರಿಲ್‌ಗೆ ಮಾತ್ರ ಕೈಲಿದ್ದ ಮೀನು ಬಾಯಿಗೆ ಹೋಗಲಿಲ್ಲ. “ಕೇಳಿಸ್ತಿತ್ತಾ ನಿನಗೆ?” ಎಂದಳು. “ನಾನು ಬೈದದ್ದೆಲ್ಲ?” ವಿಲ್ಫ್ ಗಂಭೀರವಾಗಿ ಇನ್ನೊಂದು ಆಲೂಗಡ್ಡೆ ತಿಂದ. ಎಡಗಣ್ಣಿನ ಮೂಲೆ ಮಾತ್ರ ಕುಣಿಯುತ್ತಿತ್ತು. ಎರಡನೆಯ ಪದ ಬಂದಿತ್ತು. ಮೂರನೆಯದೂ ಬಂದೀತು. ಮಾತು ಮರಳುತ್ತದೆ ಎಂದು ನರ್ಸು ಆಗಾಗ ಹೇಳುತ್ತಿದ್ದುದನ್ನು ಬೆರಿಲ್ ನಂಬಿರಲಿಲ್ಲ, ಅವತ್ತು ನಂಬಿದಳು.

ಮರಳುವಾಗ ಗಾಳಿ ಬಿದ್ದಿತ್ತು. ಬೇಸಿಗೆಯ ಉದ್ದ ಹಗಲು, ಎಂಟೂವರೆಯಾದರೂ ಹೊಲಗಳ ಮೇಲೆ ಬಿಸಿಲಿತ್ತು. ಎಂಜಿನ್ನು ಒಂದೇ ಹದದಲ್ಲಿ ಗುನುಗುತ್ತಿತ್ತು. ಊರು ಹತ್ತಿರವಾದಂತೆ ಬೆರಿಲ್ ಏನೋ ಕೇಳಿದಳು, ಉತ್ತರವಿಲ್ಲ. ತಿರುಗಿ ನೋಡಿದರೆ ವಿಲ್ಫ್ ನಿದ್ದೆ ಹೋಗಿದ್ದ. ಟೋಪಿ ಕಣ್ಣಿನ ಮೇಲೆ ಜಾರಿತ್ತು, ತಲೆ ಅವಳ ಭುಜದ ಕಡೆಗೆ ವಾಲಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಬೇರೆಯವರು ಓಡಿಸುವ ಗಾಡಿಯಲ್ಲಿ ಅವನು ಕಣ್ಣು ಮುಚ್ಚಿದ್ದು ಅದೇ ಮೊದಲು.

ಅವರ ಬೀದಿ ಬಂತು. ಮನೆಯ ಮುಂದೆ ನಿಲ್ಲಿಸಿದರೆ ಎಂಜಿನ್ನು ಆರಿಸಬೇಕು, ಆರಿಸಿದರೆ ಎಚ್ಚರವಾಗುತ್ತದೆ. ಬೆರಿಲ್ ಕಾಲನ್ನು ಹಗುರಾಗಿ ಒತ್ತಿ ಮನೆಯನ್ನು ದಾಟಿ ಮುಂದೆ ಹೋದಳು. ಕೊನೆಯ ದೀಪದ ಕಂಬದ ಹತ್ತಿರ ಎಡಕ್ಕೆ ತಿರುಗಿ, ಮುಚ್ಚಿದ ಕಾರ್ಖಾನೆಯ ಗೋಡೆಯುದ್ದಕ್ಕೂ ಸಾಗಿ, ಕಾಲುವೆಯ ಸೇತುವೆ ಹತ್ತಿದಳು. ಅಲ್ಲಿಂದ ಮುಂದೆ ರಸ್ತೆ ಹೊಲಗಳಿಗೆ ಹೋಗುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲು ಸಾಕಷ್ಟಿತ್ತು.